ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಕೆಟ್ಟರೆ ಏನು ಮಾಡಬೇಕು?

ಗ್ರಾಮಾಂತರ ಪ್ರದೇಶಗಳಲ್ಲಿ ಕಂಪ್ಯೂಟರ್ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಹಾಲು ಉತ್ಪಾದಕರ ಸಂಘದಲ್ಲಿ ಹಾಲಿನ ಅಳತೆ ಮತ್ತು ಜಿಡ್ಡಿನ ಅಂಶ ಅದರಲ್ಲಿಯೇ ದಾಖಲಾಗುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರ ಷೇರು, ಸಾಲ, ಬಡ್ಡಿಯ ಲೆಕ್ಕ ಅದರಲ್ಲಿರುತ್ತದೆ. ದೇಶದ 63,000 ಇಂತಹ ಸಂಘಗಳನ್ನು ಗಣಕೀಕರಣಗೊಳಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಿನಲ್ಲಿ ಒಪ್ಪಿಗೆ ನೀಡಿತು. ಬೀಜ ಗೊಬ್ಬರದ ಅಂಗಡಿಯಲ್ಲಿ, ರೈತ ಉತ್ಪಾದಕರ ಕಂಪೆನಿಯಲ್ಲಿ, ಅನೇಕ ರೈತರ ಮನೆಗಳಲ್ಲಿಯೂ ಕಂಪ್ಯೂಟರ್ ಇದೆ.

ಇಂತಹ ಯಂತ್ರ ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಹಿಂದಿನ ಸಂಜೆಯವರೆಗೆ ಚೆನ್ನಾಗಿಯೇ ಇತ್ತು. ಮುಚ್ಚುವಾಗ ಏನೋ ಅಪ್‌ಡೇಟ್ ಆಗುತ್ತಿದೆ ಎಂದು ತೋರಿಸಿತು. ಬೆಳಿಗ್ಗೆ ನೋಡಿದರೆ ಪರದೆ ನೀಲಿ ಅಥವಾ ಕಪ್ಪು. ಬಾಗಿಲಲ್ಲಿ ಬೆಳೆ ಸಾಲದ ನವೀಕರಣಕ್ಕೆ ಬಂದವರು ನಿಂತಿರುತ್ತಾರೆ. ಗುಮಾಸ್ತರು ಗಾಬರಿಯಿಂದ ಪೇಟೆಯ ರಿಪೇರಿ ಅಂಗಡಿಗೆ ಫೋನು ಮಾಡುತ್ತಾರೆ. ಅಲ್ಲಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: 'ತಂದುಕೊಡಿ, ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ.'

ಎಚ್ಚರ ವಹಿಸಬೇಕಾದುದು ಈ ಮಾತಿನಲ್ಲಿ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಬರಿದು ಮಾಡಿ ಹೊಸದಾಗಿ ಎಲ್ಲವನ್ನೂ ತುಂಬುವುದು. ಯಂತ್ರವೇನೋ ಒಂದೆರಡು ಗಂಟೆಯಲ್ಲಿ ಹೊಸದರಂತೆ ಓಡುತ್ತದೆ. ಆದರೆ ಅದರಲ್ಲಿದ್ದ ಲೆಕ್ಕ, ಪತ್ರಗಳು, ಫೋಟೋಗಳು ಹೋಗುತ್ತವೆ. ಕಳೆ ಹೆಚ್ಚಾಯಿತೆಂದು ಬೆಳೆದು ನಿಂತ ರಾಗಿಯ ಸಮೇತ ಹೊಲವನ್ನು ಉತ್ತುಬಿಟ್ಟಂತೆ ಇದು. ಅಪ್‌ಡೇಟ್ ನಂತರ ನಿಂತುಹೋದ ಕಂಪ್ಯೂಟರ್‌ಗಳಲ್ಲಿ ಬಹುಪಾಲು ಫಾರ್ಮ್ಯಾಟ್ ಇಲ್ಲದೆಯೇ ಸರಿಹೋಗುತ್ತವೆ. ಯಂತ್ರ ಏಳದಿದ್ದರೂ ಡಿಸ್ಕಿನಲ್ಲಿ ಲೆಕ್ಕ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ಅಪ್‌ಡೇಟ್ ಏಕೆ ಬರುತ್ತದೆ, ಏಕೆ ಕೆಡಿಸುತ್ತದೆ

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ನಮ್ಮಲ್ಲಿ ಹೆಚ್ಚಾಗಿ ವಿಂಡೋಸ್. ಅದರಲ್ಲಿ ಕಂಡುಬಂದ ದೋಷಗಳನ್ನು ಮತ್ತು ವೈರಸ್ ನುಗ್ಗಬಹುದಾದ ಸಂದುಗಳನ್ನು ಮುಚ್ಚಲು ಮೈಕ್ರೋಸಾಫ್ಟ್ ಕಂಪೆನಿಯು ತಿಂಗಳಿಗೊಮ್ಮೆ ತೇಪೆ ಕಳುಹಿಸುತ್ತದೆ. ತಿಂಗಳ ಎರಡನೆಯ ಮಂಗಳವಾರ ಇದರ ದಿನ. ಅಮೆರಿಕದ ಗಡಿಯಾರದಂತೆ ಬೆಳಿಗ್ಗೆ ಬಿಡುಗಡೆಯಾಗುವುದರಿಂದ ನಮಗೆ ಅದು ಮಂಗಳವಾರ ತಡರಾತ್ರಿ. ಆದುದರಿಂದಲೇ ಎರಡನೆಯ ಮಂಗಳವಾರ ಕಳೆದ ಬುಧವಾರ, ಗುರುವಾರಗಳಂದು 'ನಿನ್ನೆ ಸರಿಯಿತ್ತು' ಎಂಬ ದೂರು ಹೆಚ್ಚು.

ತೇಪೆ ಹಾಕುವಾಗ ಕೆಡಲು ಕೆಲವು ಕಾರಣಗಳುಂಟು. ನಮ್ಮ ಹಳ್ಳಿಗಳಲ್ಲಿ ಮೊದಲು ಅನುಮಾನಿಸಬೇಕಾದುದು ವಿದ್ಯುತ್ ಕಡಿತವನ್ನು. ಅಪ್‌ಡೇಟ್ ನಡೆಯುವಾಗ ಹಳೆಯ ಫೈಲುಗಳನ್ನು ತೆಗೆದು ಹೊಸದನ್ನು ಇಡುವ ಕೆಲಸ ಸಾಗಿರುತ್ತದೆ. ಅರ್ಧದಲ್ಲಿ ಕರೆಂಟು ಹೋದರೆ ಮನೆಯ ಹೆಂಚು ಇಳಿಸಿದ ದಿನವೇ ಮಳೆ ಬಂದಂತಾಗುತ್ತದೆ. ಸಣ್ಣ ಯುಪಿಎಸ್ ಕೆಲವೇ ನಿಮಿಷ ತಡೆಯುತ್ತದೆ, ಅಪ್‌ಡೇಟ್‌ಗೆ ಕೆಲವೊಮ್ಮೆ ಒಂದು ಗಂಟೆಗೂ ಹೆಚ್ಚು ಬೇಕು. ಎರಡನೆಯದು ಡಿಸ್ಕಿನಲ್ಲಿ ಜಾಗವಿಲ್ಲದಿರುವುದು. ಮೂರನೆಯದು ಡ್ರೈವರ್. ಪರದೆ, ಪ್ರಿಂಟರ್, ಬೆರಳಚ್ಚು ಯಂತ್ರ ಮುಂತಾದ ಪ್ರತಿಯೊಂದು ಉಪಕರಣದೊಡನೆ ವಿಂಡೋಸ್ ವ್ಯವಹರಿಸಲು ಒಂದು ಪುಟ್ಟ ತಂತ್ರಾಂಶ ಬೇಕು, ಅದೇ ಡ್ರೈವರ್. ಹೊಸ ವಿಂಡೋಸ್‌ಗೂ ಹಳೆಯ ಡ್ರೈವರ್‌ಗೂ ಹೊಂದಾಣಿಕೆಯಾಗದಿದ್ದರೆ ಯಂತ್ರ ಕುಸಿಯುತ್ತದೆ. ಕೆಲವು ಬಾರಿ ಕಂಪೆನಿಯು ಕಳುಹಿಸಿದ ತೇಪೆಯೇ ದೋಷಪೂರಿತವಾಗಿರುತ್ತದೆ.

ಇನ್ನೊಂದನ್ನೂ ಮರೆಯಬಾರದು. ಮಳೆ ಬಂದ ಮರುದಿನ ಗಿಡ ಬಾಡಿದರೆ ಮಳೆಯೇ ಕಾರಣವೆನ್ನಲಾಗದು, ಬೇರಿನಲ್ಲಿ ಹುಳು ಮೊದಲೇ ಸೇರಿದ್ದಿರಬಹುದು. ಏಳೆಂಟು ವರ್ಷದ ಹಾರ್ಡ್ ಡಿಸ್ಕ್ ಸವೆದಿದ್ದು, ಅಪ್‌ಡೇಟ್‌ನ ಭಾರೀ ಓದು-ಬರಹದ ಸಮಯದಲ್ಲಿ ಸೋಲುವುದು ಸಾಮಾನ್ಯ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಮುಂದಿನ ಯಾವ ಪ್ರಯೋಗವನ್ನೂ ಮಾಡದೆ ಯಂತ್ರವನ್ನು ನಿಲ್ಲಿಸಿ ಅನುಭವಿಗಳಿಗೆ ತೋರಿಸಬೇಕು. ಗೊಬ್ಬರದ ದಾಸ್ತಾನಿನ ಪಕ್ಕದಲ್ಲಿಯೇ ಕಂಪ್ಯೂಟರ್ ಇಟ್ಟಿರುವ ಸಂಘಗಳಲ್ಲಿ ಧೂಳು ಮತ್ತು ತೇವದಿಂದ ಒಳಗಿನ ಸಂಪರ್ಕಗಳು ತುಕ್ಕು ಹಿಡಿಯುವುದೂ ಉಂಟು.

ಎಲ್ಲಿ ನಿಂತಿತು ಎಂಬುದನ್ನು ನೋಡಬೇಕು

ಎಲೆಯ ಚುಕ್ಕೆಯನ್ನು ನೋಡಿ ರೋಗವನ್ನು ಗುರುತಿಸುವಂತೆ, ಕಂಪ್ಯೂಟರ್ ಯಾವ ಹಂತದಲ್ಲಿ ನಿಂತಿತೆಂಬುದರಿಂದ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಮೊದಲು ಪರದೆಯಲ್ಲಿ ಕಾಣುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು. ನೀಲಿ ಪರದೆಯ ಕೆಳಭಾಗದಲ್ಲಿ ಇಂಗ್ಲಿಷಿನಲ್ಲಿ ದೋಷದ ಹೆಸರು ಇರುತ್ತದೆ, ಕೆಲವೊಮ್ಮೆ ಕೆಟ್ಟ ಫೈಲಿನ ಹೆಸರೂ ಇರುತ್ತದೆ. ಅದು ಅರ್ಥವಾಗದಿದ್ದರೂ ಮುಂದೆ ನೋಡುವವರಿಗೆ ಬೇಕು. 2025ರ ನಂತರದ ವಿಂಡೋಸ್ 11ರಲ್ಲಿ ಈ ಪರದೆಯನ್ನು ಕಪ್ಪು ಬಣ್ಣಕ್ಕೆ ಬದಲಾಯಿಸಲಾಗಿದೆ.

ಗುಂಡಿ ಒತ್ತಿದರೂ ದೀಪ, ಫ್ಯಾನ್, ಪರದೆ ಯಾವುದೂ ಬಾರದಿದ್ದರೆ ಅದು ಅಪ್‌ಡೇಟ್‌ನ ದೋಷವಾಗಿರುವ ಸಂಭವ ಕಡಿಮೆ. ವೈರು, ಪವರ್ ಸಪ್ಲೈ, ರ‍್ಯಾಮ್ ಇವುಗಳನ್ನು ನೋಡಿಸಬೇಕು.

ದೀಪ ಬಂದು, ಕಂಪೆನಿಯ ಗುರುತೂ ಬಂದು, ಚಿಕ್ಕ ಚುಕ್ಕೆಗಳು ಸುತ್ತುತ್ತಲೇ ಇದ್ದರೆ ಅಥವಾ ಮಾಡಿದ ಬದಲಾವಣೆಗಳನ್ನು ಹಿಂತೆಗೆಯುತ್ತಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ತಾಳ್ಮೆ ಬೇಕು. ವಿಂಡೋಸ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಿದೆ ಎಂದರ್ಥ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಎರಡು ಗಂಟೆಯಾದರೂ ಹಿಡಿದೀತು. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿರುವವರೆಗೆ ಗುಂಡಿಯನ್ನು ಮುಟ್ಟಬಾರದು. ಬೇಸರಪಟ್ಟು ಈ ಹೊತ್ತಿನಲ್ಲಿ ಯಂತ್ರವನ್ನು ಆರಿಸಿ, ಸಣ್ಣ ತೊಂದರೆಯನ್ನು ದೊಡ್ಡದು ಮಾಡಿಕೊಂಡವರೇ ಹೆಚ್ಚು.

ಪಾಸ್‌ವರ್ಡ್ ಹಾಕುವವರೆಗೆ ಬಂದು, ಆಮೇಲೆ ಕಪ್ಪು ಪರದೆಯ ಮೇಲೆ ಮೌಸಿನ ಬಾಣವೊಂದೇ ಓಡಾಡುತ್ತಿದ್ದರೆ ಹೆದರುವ ಕಾರಣವಿಲ್ಲ. ಯಂತ್ರ ಎದ್ದಿದೆ, ಡೆಸ್ಕ್‌ಟಾಪ್ ಮಾತ್ರ ಬಿದ್ದಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಹೊಸ ಕೆಲಸ ನಡೆಸು ಎಂಬ ಅರ್ಥದ 'ರನ್ ನ್ಯೂ ಟಾಸ್ಕ್' ಆರಿಸಿ, ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಅನೇಕ ವೇಳೆ ಡೆಸ್ಕ್‌ಟಾಪ್ ಮರಳಿ ಬರುತ್ತದೆ. ಬಾಣವೂ ಕಾಣದಿದ್ದರೆ ವಿಂಡೋಸ್ ಗುರುತಿನ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು 'ಬಿ' ಅಕ್ಷರವನ್ನು ಒಟ್ಟಿಗೆ ಒತ್ತಬೇಕು. ಪರದೆಯ ಡ್ರೈವರ್ ಹೊಸದಾಗಿ ಪ್ರಾರಂಭವಾಗುತ್ತದೆ. ಇದರಿಂದ ಪರದೆ ಬಂದರೆ ದೋಷ ಪರದೆಯ ಡ್ರೈವರಿನಲ್ಲಿದೆ ಎಂದು ತಿಳಿಯಬಹುದು.

ಡೆಸ್ಕ್‌ಟಾಪ್ ಬಂದಿದೆ, ಆದರೆ ಅದರ ಮೇಲೆ ಇದ್ದುದೆಲ್ಲ ಮಾಯವಾಗಿ ಹೊಸ ಯಂತ್ರದಂತೆ ಕಾಣುತ್ತಿದೆ ಎಂಬ ಇನ್ನೊಂದು ಬಗೆಯುಂಟು. 2020ರ ಫೆಬ್ರುವರಿಯ ಒಂದು ಅಪ್‌ಡೇಟ್ ನಂತರ ಕೆಲವರ ವಿಂಡೋಸ್ 10 ಯಂತ್ರಗಳಲ್ಲಿ ಹೀಗೆಯೇ ಆಯಿತು. ಯಂತ್ರವು ಬಳಕೆದಾರರ ಸ್ವಂತ ಖಾತೆಯ ಬದಲು ತಾತ್ಕಾಲಿಕ ಖಾತೆಯನ್ನು ತೆರೆದಿತ್ತು. ಫೈಲುಗಳು ಅಳಿದಿರಲಿಲ್ಲ, ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಬೇರೆ ಹೆಸರಿನ ಫೋಲ್ಡರಿನೊಳಗಿದ್ದವು. ಈ ಸ್ಥಿತಿಯಲ್ಲಿ ಹೊಸ ಕೆಲಸವನ್ನು ಉಳಿಸಬಾರದು, ತಾತ್ಕಾಲಿಕ ಖಾತೆಯಲ್ಲಿ ಉಳಿಸಿದ್ದು ಯಂತ್ರ ಮುಚ್ಚಿದಾಗ ಅಳಿದುಹೋಗಬಹುದು.

ಕನ್ನಡ ಪತ್ರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ ಎಂಬುದು ನಮ್ಮ ಕಚೇರಿಗಳದೇ ವಿಶೇಷ ದೂರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದ ಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತವೆ. ವಿಂಡೋಸ್ ಹೊಸದಾಗಿ ಹಾಕಿದಾಗ ಫಾಂಟು ಹೋಗಿರುತ್ತದೆ, ಅಷ್ಟೆ. ಪತ್ರ ಕೆಟ್ಟಿಲ್ಲ. ನುಡಿಯನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಇದನ್ನು ತಿಳಿಯದೆ ಹಳೆಯ ನಡಾವಳಿಗಳನ್ನು ಅಳಿಸಿಬಿಡಬಾರದು.

ಮೊದಲು ಲೆಕ್ಕ, ಆಮೇಲೆ ಯಂತ್ರ

ಚಿಕಿತ್ಸೆಗೆ ಕೈಹಾಕುವ ಮೊದಲು ಲೆಕ್ಕ ಎಲ್ಲಿದೆ ಎಂಬುದನ್ನು ತಿಳಿಯಬೇಕು. ಇಂಟರ್‌ನೆಟ್ ಮೂಲಕ ಸರ್ಕಾರಿ ಅಥವಾ ಬ್ಯಾಂಕಿನ ಜಾಲತಾಣದಲ್ಲಿ ತುಂಬಿದ ವಿವರಗಳು ದೂರದ ಸರ್ವರಿನಲ್ಲಿರುತ್ತವೆ. ಅವಕ್ಕೆ ಅಪಾಯವಿಲ್ಲ, ಬೇರೆ ಯಂತ್ರದಿಂದ ಕೆಲಸ ಮುಂದುವರಿಸಬಹುದು. ಎಕ್ಸೆಲ್ ಪಟ್ಟಿಗಳು, ಟ್ಯಾಲಿಯ ಲೆಕ್ಕ, ಹಾಲಿನ ಬಟವಾಡೆಯ ತಂತ್ರಾಂಶದ ದಾಖಲೆ ಇವು ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿರುತ್ತವೆ. ಅವುಗಳ ಇನ್ನೊಂದು ಪ್ರತಿ ಇಲ್ಲದಿದ್ದರೆ ಮೊದಲ ಕೆಲಸ ಅವನ್ನು ಹೊರತೆಗೆಯುವುದು.

ವಿಂಡೋಸ್ ಏಳದಿದ್ದರೂ ಇದು ಸಾಧ್ಯ. ವಿಂಡೋಸ್ ಎರಡು ಮೂರು ಬಾರಿ ಸತತವಾಗಿ ಏಳಲು ವಿಫಲವಾದಾಗ ತಾನಾಗಿಯೇ ದುರಸ್ತಿಯ ಪರದೆಗೆ ಹೋಗುತ್ತದೆ. ಹೋಗದಿದ್ದರೆ, ಯಂತ್ರ ಏಳುತ್ತಿರುವಾಗ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಬೇಕು, ಹೀಗೆ ಎರಡು ಮೂರು ಸಲ ಮಾಡಬೇಕು. ಪಾಸ್‌ವರ್ಡಿನ ಪರದೆಯವರೆಗೆ ಬರುವ ಯಂತ್ರವಾದರೆ ಈ ಕಷ್ಟ ಬೇಡ, ಶಿಫ್ಟ್ ಕೀಲಿಯನ್ನು ಒತ್ತಿಕೊಂಡೇ ರೀಸ್ಟಾರ್ಟ್ ಆರಿಸಿದರೆ ಸಾಕು. ದುರಸ್ತಿಯ ಪರದೆಯಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಕಮಾಂಡ್ ಪ್ರಾಂಪ್ಟ್ ಎಂಬುದಿದೆ. ಅಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಬರೆಯುವ ಪುಟ ತೆರೆಯುತ್ತದೆ. ಅದರ ಫೈಲ್ ಪಟ್ಟಿಯಲ್ಲಿ ಓಪನ್ ಆರಿಸಿ, ಕೆಳಗೆ ಎಲ್ಲ ಬಗೆಯ ಫೈಲುಗಳನ್ನು ತೋರಿಸುವಂತೆ ಬದಲಾಯಿಸಿದರೆ ಡಿಸ್ಕಿನಲ್ಲಿರುವ ಫೋಲ್ಡರುಗಳೆಲ್ಲ ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಕಾಪಿ ಮಾಡಿ, ಮೊದಲೇ ಸಿಕ್ಕಿಸಿಟ್ಟ ಪೆನ್ ಡ್ರೈವಿನಲ್ಲಿ ಪೇಸ್ಟ್ ಮಾಡಬಹುದು. ಇಲ್ಲಿ ಡ್ರೈವುಗಳ ಅಕ್ಷರ ಬದಲಾಗಿರಬಹುದು, ಎಂದಿನ ಸಿ ಡ್ರೈವ್ ಡಿ ಆಗಿ ಕಂಡರೆ ಗಾಬರಿಯಾಗಬೇಕಿಲ್ಲ. ಕಾಪಿಯಾಗುವಾಗ ಪ್ರಗತಿಯ ಪಟ್ಟಿ ಕಾಣದೆ ಪರದೆ ನಿಂತಂತೆ ತೋರಬಹುದು, ಕಾಯಬೇಕು.

ಈ ಹಂತದಲ್ಲಿ ಕೆಲವು ಯಂತ್ರಗಳು 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತವೆ. ಇದು ಬಿಟ್‌ಲಾಕರ್ ಎಂಬ ಬೀಗದ ಕೀಲಿ. ಕಳ್ಳತನವಾದರೂ ಡಿಸ್ಕನ್ನು ಬೇರೆಯವರು ಓದಬಾರದೆಂದು ಈ ಬೀಗವಿದೆ. ಹೊಸ ಯಂತ್ರಗಳಲ್ಲಿ ಕೊಂಡವರಿಗೆ ತಿಳಿಯದೆಯೇ ಅದು ಹಾಕಿಕೊಂಡಿರುತ್ತದೆ. ಕೀಲಿಯು ಸಾಮಾನ್ಯವಾಗಿ ಮೊದಲ ದಿನ ಯಂತ್ರಕ್ಕೆ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುತ್ತದೆ. ಬೇರೆ ಯಂತ್ರದಿಂದ ಆ ಖಾತೆಗೆ ಹೋಗಿ ನೋಡಬಹುದು. ಆದರೆ ಆ ಖಾತೆ ಸಂಘದ ಹೆಸರಿನಲ್ಲಿರದೆ, ಯಂತ್ರ ಮಾರಿದ ಅಂಗಡಿಯವರದೋ ಹಿಂದಿನ ಗುಮಾಸ್ತರದೋ ಆಗಿದ್ದರೆ ಪೇಚು. ಕೀಲಿ ಇಲ್ಲದೆ ಡಿಸ್ಕನ್ನು ಕಳಚಿ ಇನ್ನೊಂದು ಯಂತ್ರಕ್ಕೆ ಹಾಕಿದರೂ ಓದಲಾಗುವುದಿಲ್ಲ. ಫಾರ್ಮ್ಯಾಟ್ ಬಿಟ್ಟರೆ ಲೆಕ್ಕ ನಿಜವಾಗಿ ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಹಿಂದಕ್ಕೆ ಹೆಜ್ಜೆ

ಲೆಕ್ಕ ಕೈಗೆ ಬಂದ ಮೇಲೆ ಚಿಕಿತ್ಸೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಮುಂದೆ ಹೋಗಬೇಕು. ಸೊರಗಿದ ಬೆಳೆಗೆ ಒಂದೇ ದಿನ ಯೂರಿಯಾ, ಕೀಟನಾಶಕ, ಸತು ಎಲ್ಲವನ್ನೂ ಕೊಟ್ಟರೆ ಯಾವುದರಿಂದ ಚೇತರಿಸಿತೆಂದಾಗಲಿ ಯಾವುದರಿಂದ ಸುಟ್ಟಿತೆಂದಾಗಲಿ ತಿಳಿಯುವುದಿಲ್ಲ.

ಎಲ್ಲಕ್ಕೂ ಮೊದಲು ಪ್ರಿಂಟರ್, ಬೆರಳಚ್ಚು ಯಂತ್ರ, ಪೆನ್ ಡ್ರೈವ್ ಮುಂತಾದ ಹೊರಗಿನ ಉಪಕರಣಗಳನ್ನು ಕಿತ್ತು, ಕೀಲಿಮಣೆ ಮತ್ತು ಮೌಸ್ ಮಾತ್ರ ಇಟ್ಟು ಪ್ರಾರಂಭಿಸಿ ನೋಡಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. 2021ರ ಮಾರ್ಚ್ 9ರ ವಿಂಡೋಸ್ 10 ಅಪ್‌ಡೇಟ್ ನಂತರ ಕೆಲವು ಬಗೆಯ ಪ್ರಿಂಟರುಗಳಿಗೆ ಮುದ್ರಣದ ಆಜ್ಞೆ ಕೊಟ್ಟ ಕೂಡಲೆ ಯಂತ್ರ ನೀಲಿ ಪರದೆಗೆ ಬೀಳುತ್ತಿತ್ತು. ಉಳಿದ ಕೆಲಸಗಳೆಲ್ಲ ಸರಿಯಾಗಿ ನಡೆಯುತ್ತಿದ್ದವು. ಒಂದು ವಾರದೊಳಗೆ ಕಂಪೆನಿಯು ಇನ್ನೊಂದು ಅಪ್‌ಡೇಟ್ ಕಳುಹಿಸಿ ಸರಿಪಡಿಸಿತು. ಆ ವಾರ ರಸೀತಿಯನ್ನು ಕೈಯಲ್ಲಿ ಬರೆದುಕೊಟ್ಟವರು ಏನನ್ನೂ ಕಳೆದುಕೊಳ್ಳಲಿಲ್ಲ.

ಆಗಲೂ ಏಳದಿದ್ದರೆ ದುರಸ್ತಿಯ ಪರದೆಯ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಆರಿಸಬೇಕು. ಎರಡು ಆಯ್ಕೆಗಳಿರುತ್ತವೆ. ಕ್ವಾಲಿಟಿ ಅಪ್‌ಡೇಟ್ ಎಂಬುದು ತಿಂಗಳ ತೇಪೆ, ಫೀಚರ್ ಅಪ್‌ಡೇಟ್ ಎಂಬುದು ಇಡೀ ವಿಂಡೋಸ್ ಹೊಸ ಆವೃತ್ತಿಗೆ ಏರುವುದು. ರಾತ್ರಿ ಬಂದದ್ದು ಯಾವುದೆಂದು ತಿಳಿಯದಿದ್ದರೆ ಮೊದಲನೆಯದನ್ನೇ ತೆಗೆಯಬೇಕು. ಫೀಚರ್ ಅಪ್‌ಡೇಟನ್ನು ಹಿಂತೆಗೆಯಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶ ಮಾತ್ರ ಇರುತ್ತದೆ. ಹೊಂದಿಕೊಳ್ಳಬಹುದೆಂದು ತಿಂಗಳುಗಟ್ಟಲೆ ಕಾದು ಕೂತರೆ ಆ ಬಾಗಿಲು ಮುಚ್ಚಿರುತ್ತದೆ.

ಅದೂ ಫಲಿಸದಿದ್ದರೆ ಅಲ್ಲಿಯೇ ಸಿಸ್ಟಂ ರೀಸ್ಟೋರ್ ಇದೆ. ಇದು ವಿಂಡೋಸನ್ನು ಹಿಂದಿನ ಒಂದು ದಿನಾಂಕದ ಸ್ಥಿತಿಗೆ ಒಯ್ಯುತ್ತದೆ, ಸ್ವಂತ ಪತ್ರಗಳನ್ನು ಮುಟ್ಟುವುದಿಲ್ಲ. ಆ ದಿನಾಂಕದ ಬಳಿಕ ಹಾಕಿದ ತಂತ್ರಾಂಶಗಳನ್ನು ಮಾತ್ರ ಮತ್ತೆ ಹಾಕಬೇಕಾಗುತ್ತದೆ. ಅನೇಕ ಯಂತ್ರಗಳಲ್ಲಿ ಈ ಸೌಲಭ್ಯವನ್ನು ಚಾಲನೆ ಮಾಡಿಯೇ ಇರುವುದಿಲ್ಲ.

ದೋಷ ಡ್ರೈವರಿನದೆಂದು ಅನುಮಾನವಿದ್ದರೆ ಸೇಫ್ ಮೋಡ್ ಉಪಯುಕ್ತ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್ ಆರಿಸಿ, ರೀಸ್ಟಾರ್ಟ್ ಮಾಡಿ, ಪಟ್ಟಿ ಬಂದಾಗ 4ನ್ನು ಒತ್ತಿದರೆ ಅತ್ಯಗತ್ಯ ಭಾಗಗಳು ಮಾತ್ರ ಎದ್ದು ನಿಲ್ಲುತ್ತವೆ. ಸೇಫ್ ಮೋಡಿನಲ್ಲಿ ಚೆನ್ನಾಗಿ ನಡೆದು ಎಂದಿನಂತೆ ಪ್ರಾರಂಭಿಸಿದಾಗ ಬಿದ್ದರೆ, ಯಾವುದೋ ಡ್ರೈವರ್ ಅಥವಾ ಹೊರಗಿನ ತಂತ್ರಾಂಶದ ದೋಷವೆಂದೇ ತಿಳಿಯಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಎಂಬುದರ ಪ್ರಾಪರ್ಟೀಸ್ ತೆರೆದು, ರೋಲ್ ಬ್ಯಾಕ್ ಡ್ರೈವರ್ ಒತ್ತಿದರೆ ಹಳೆಯ ಡ್ರೈವರ್ ಮರಳುತ್ತದೆ. ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿದರೆ ದಿನವಹಿಯಂತಹ ಒಂದು ಪುಟ ಸಿಗುತ್ತದೆ. ಯಾವ ದಿನ ಏನು ಹಾಕಲಾಯಿತು, ಯಾವ ದಿನದಿಂದ ಕೆಂಪು ಗುರುತುಗಳು ಶುರುವಾದವು ಎಂದು ಅದು ತೋರಿಸುತ್ತದೆ. ಕೆಂಪು ಗುರುತು ಅಪ್‌ಡೇಟ್‌ಗಿಂತ ಮೊದಲೇ ಇದ್ದರೆ ಅಪ್‌ಡೇಟನ್ನು ದೂರಿ ಪ್ರಯೋಜನವಿಲ್ಲ.

ಸೇಫ್ ಮೋಡಿನ ಮಹತ್ವ ಇಡೀ ಜಗತ್ತಿಗೆ ತಿಳಿದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪೆನಿ ಅಂದು ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕಳುಹಿಸಿದ ಒಂದು ದೋಷಪೂರಿತ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಆ ಫೈಲನ್ನು ಒಂದೂವರೆ ಗಂಟೆಯೊಳಗೆ ಹಿಂದಕ್ಕೆ ಪಡೆಯಲಾಯಿತಾದರೂ ಬಿದ್ದ ಯಂತ್ರಗಳಲ್ಲಿ ಅನೇಕವು ತಾವಾಗಿ ಏಳಲಿಲ್ಲ. ಅವನ್ನು ಒಂದೊಂದಾಗಿ ಸೇಫ್ ಮೋಡಿಗೆ ಒಯ್ದು ಆ ಒಂದೇ ಫೈಲನ್ನು ಅಳಿಸಬೇಕಾಯಿತು. ಫಾರ್ಮ್ಯಾಟ್ ಬೇಕಾಗಲಿಲ್ಲ. ಬಿಟ್‌ಲಾಕರ್ ಕೀಲಿ ಹುಡುಕುವುದರಲ್ಲಿಯೇ ಬಹಳ ಕಡೆ ದಿನ ಕಳೆಯಿತು.

ಯಂತ್ರ ಎದ್ದ ಮೇಲೂ ತಡವರಿಸುತ್ತಿದ್ದರೆ ವಿಂಡೋಸಿನ ಫೈಲುಗಳು ಹರಿದಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದು, ಎಸ್, ಎಫ್, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಓರೆಗೆರೆ, ಅನಂತರ ಸ್ಕ್ಯಾನ್‌ನೌ ಎಂದು ಸೇರಿಸಿ ಬರೆದು ಎಂಟರ್ ಒತ್ತಿದರೆ ಅದು ತಾನೇ ಪರೀಕ್ಷಿಸಿ ತಿದ್ದುತ್ತದೆ. ಲಿನಕ್ಸ್ ಬಳಸುವವರಿಗೆ ಕೆಲಸ ಇನ್ನೂ ಸುಲಭ. ಉಬುಂಟು ಮುಂತಾದವುಗಳಲ್ಲಿ ಹಳೆಯ ಕರ್ನೆಲ್ ಅಳಿಸದೆ ಉಳಿದಿರುತ್ತದೆ, ಏಳುವಾಗ ಬರುವ ಪಟ್ಟಿಯಲ್ಲಿ ಅದನ್ನು ಆರಿಸಿದರೆ ಆಯಿತು.

ಗಾಬರಿಯ ಹೊತ್ತಿನಲ್ಲಿ ಮೋಸಗಾರರೂ ಬರುತ್ತಾರೆ. ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರು ಇರುವುದೇ ಇಲ್ಲ. ನಂಬರು ತೋರಿಸಿ ಕರೆ ಮಾಡಿ ಎನ್ನುವ ಪರದೆ ಸುಳ್ಳು. ಮೈಕ್ರೋಸಾಫ್ಟಿನಿಂದ ಮಾತನಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ ಎಂದು ಕರೆ ಬಂದರೆ ಫೋನು ಇಡಬೇಕು. ಹಣ ಹೋದದ್ದೇ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮುಂದಿನ ತಿಂಗಳಿಗಾಗಿ

ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಡುವುದು ಮದ್ದಲ್ಲ. ಹಾಗೆ ಮಾಡಿದ ಯಂತ್ರ ಬೇಲಿಯಿಲ್ಲದ ತೋಟದಂತೆ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಣದ ವ್ಯವಹಾರ ನಡೆಸುವ ಸಂಘಗಳು ಆ ಬಗ್ಗೆ ಬೇರೆಯಾಗಿಯೇ ಯೋಚಿಸಬೇಕು. ವಿಂಡೋಸ್ 11ರಲ್ಲಿ ಅಪ್‌ಡೇಟನ್ನು ಒಂದರಿಂದ ಐದು ವಾರ ಮುಂದೂಡುವ ಸೌಲಭ್ಯವಿದೆ. ಸಾಲ ವಿತರಣೆ, ಬೆಳೆ ವಿಮೆಯ ಕೊನೆಯ ದಿನ, ಲೆಕ್ಕ ಪರಿಶೋಧನೆ ಇವು ಹತ್ತಿರವಿದ್ದಾಗ ಒಂದೆರಡು ವಾರ ಮುಂದೂಡುವುದು ಜಾಣತನ. ಅಷ್ಟರಲ್ಲಿ ದೋಷವಿದ್ದರೆ ಬೇರೆಡೆ ಬೆಳಕಿಗೆ ಬಂದಿರುತ್ತದೆ. ಬಳಿಕ ಕರೆಂಟು ಖಚಿತವಾಗಿರುವ ಹೊತ್ತು ನೋಡಿ, ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ ಜಾಗ ಬಿಡಿಸಿ, ಅಪ್‌ಡೇಟ್ ಮಾಡಬೇಕು.

ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ತೆಗೆಯಬೇಕು, ತೆಗೆದ ಮೇಲೆ ಡಿಸ್ಕನ್ನು ಕಳಚಿಡಬೇಕು. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಫೈಲುಗಳನ್ನೇ ಅಳಿಸಿತು. ಕಂಪೆನಿಯು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಹೊರಗೆ ಪ್ರತಿ ಇಟ್ಟಿದ್ದವರು ಮಾತ್ರ ಅಂದು ನಿಶ್ಚಿಂತರಾಗಿದ್ದರು.

ಬಿಟ್‌ಲಾಕರಿನ 48 ಅಂಕಿಗಳನ್ನು ಯಂತ್ರ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದು, ಇಬ್ಬರು ಓದಿ ತಾಳೆ ನೋಡಿ, ಸಂಘದ ಬೀರುವಿನಲ್ಲಿ ಇತರ ಬೀಗದ ಕೈಗಳ ಜೊತೆಯಲ್ಲಿ ಇಡಬೇಕು. ಕಂಪ್ಯೂಟರಿನ ಮೇಲೆ ಅಂಟಿಸಬಾರದು. ಕಾರ್ಯದರ್ಶಿ ಬದಲಾದಾಗ ಹಸ್ತಾಂತರದ ಪಟ್ಟಿಯಲ್ಲಿ ಆ ಕಾಗದವೂ, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡೂ ಸೇರಬೇಕು.